ದೀಪ ಹಚ್ಚಿದ ಮೇಲೆ ಕಪ್ಪಾಗುತ್ತಿದ್ದ ಪರದೆ

ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಕಂಪನಿಯ ಗುರುತು ಬೆಳಗಿತು. ಒಂದು ಉಸಿರಿನಷ್ಟು ಹೊತ್ತು ನಿಂತಿತು. ಆಮೇಲೆ ಪರದೆ ಕಪ್ಪಾಯಿತು. ಸಿಗ್ನಲ್ ಇಲ್ಲ ಎಂದು ತಿಳಿಸುವ ಸಣ್ಣ ಚೌಕವೊಂದು ಆ ಕಪ್ಪಿನಲ್ಲಿ ಅತ್ತಿಂದಿತ್ತ ತೇಲಾಡಿತು, ಕೊನೆಗೆ ಅದೂ ಆರಿಹೋಯಿತು.

ನಾನು ಆಗಷ್ಟೇ ಹೊಸಿಲು ದಾಟಿ ಒಳಗೆ ಕಾಲಿಟ್ಟಿದ್ದೆ. ನನ್ನ ಹಿಂದೆ ಅಮ್ಮ, ಹಣ್ಣು ಹೂವಿನ ತಟ್ಟೆ ಹಿಡಿದುಕೊಂಡು. ಎದುರಿನ ಬೆಂಚಿನಲ್ಲಿ ಹೆಣ್ಣಿನ ಕಡೆಯವರು ಕುಳಿತಿದ್ದರು: ಹುಡುಗಿ, ಅವಳ ತಂದೆ ತಾಯಿ, ತಂದೆಯ ತಾಯಿ. ತಂದೆಯ ತಾಯಿಯನ್ನು ನಮ್ಮ ಕಡೆ ಅಪ್ಪತ್ತಾ ಎನ್ನುತ್ತೇವೆ. ಆ ಅಪ್ಪತ್ತಾ ಕಪ್ಪು ಪರದೆಯನ್ನು ನೋಡಿದರು, ಅದರ ಕೆಳಗೆ ಉರಿಯುತ್ತಿದ್ದ ದೀಪವನ್ನು ನೋಡಿದರು, ಎದ್ದರು.

"ಬಂದ ಬೆಳಕು ನಿಲ್ಲಿಲ್ವೇ," ಎಂದರು, ಮೊಮ್ಮಗಳ ಕೈ ಹಿಡಿದು. "ಏಳು ಪಾಪ್ಪಾ, ಓಗನ."

ಆ ಪರದೆಯಲ್ಲಿ ಕಾಣಬೇಕಾಗಿದ್ದ ಗಂಡಿನ ಫೋಟೋ ನನ್ನ ತಮ್ಮನದು. ಅದನ್ನು ತೋರಿಸದೆ ಹೋದ ಕಂಪ್ಯೂಟರ್ ನಾನು ತಂದು ಕೂರಿಸಿದ್ದು.

ಇದು ನಡೆದದ್ದು ತಮಿಳು ಸೀಮೆಯ ಕಂಬಂ ಕಣಿವೆಯಲ್ಲಿ, ಉತ್ತಮಪಾಳಯದ ಬಸ್ ರಸ್ತೆಯ ಒಂದು ಜಾತಕದ ಕಚೇರಿಯಲ್ಲಿ. ಅಲ್ಲಿ ಕೂತು ಕಣಿವೆಯ ನಮ್ಮ ಕನ್ನಡ ಮನೆಗಳ ಸಂಬಂಧ ಕೂಡಿಸುವವರನ್ನು ನಾನು ಮಾಮ ಎನ್ನುತ್ತೇನೆ, ಅವರ ಹೆಂಡತಿಯನ್ನು ಅತ್ತೆ. ರಕ್ತಸಂಬಂಧವಲ್ಲ. ನಮ್ಮಲ್ಲಿ ಬೇರೆ ಕುಲದವರೆಲ್ಲ ಮಾಮ, ಅತ್ತೆಯರೇ. ಮಾಮನ ಮೇಜಿನ ಮೇಲೆ ಅವರ ಕಡೆಗೆ ಮುಖ ಮಾಡಿದ ಸಣ್ಣ ಪರದೆ ಇದೆ. ಮನೆಯವರ ಕಡೆಗೆ ಮುಖ ಮಾಡಿದ್ದು ಗೋಡೆಯ ದೊಡ್ಡ ಪರದೆ. ಎರಡೂ ಒಂದೇ ಕಂಪ್ಯೂಟರಿನವು. ದೊಡ್ಡದರಲ್ಲಿ ಗಂಡಿನ ಫೋಟೋ, ಹೆಣ್ಣಿನ ಫೋಟೋ, ಎರಡು ಕುಂಡಲಿಗಳು ಪಕ್ಕಪಕ್ಕದಲ್ಲಿ ಮೂಡುತ್ತವೆ. ಹಳೆಯ ಕಂಪ್ಯೂಟರ್ ಸುಟ್ಟುಹೋದ ಮೇಲೆ ಹೊಸದನ್ನು ಕೊಟ್ಟವಳು ನಾನು. ಅದೇ ರಸ್ತೆಯಲ್ಲಿ, ಬಾಳೆಮಂಡಿಯ ಪಕ್ಕ, ಕಂಪ್ಯೂಟರ್ ಮಾರಿ ರಿಪೇರಿ ಮಾಡುವ ಅಂಗಡಿ ನನ್ನದು.

ಹುಡುಗಿಯ ತಂದೆ ಅಪ್ಪತ್ತಾನನ್ನು ಬಾಗಿಲ ಬಳಿ ತಡೆದು ಕಿವಿಯಲ್ಲಿ ಏನೋ ಹೇಳಿದರು. ಅಪ್ಪತ್ತಾ ತಿರುಗಿ ನಿಂತರು.

"ಸೆರಿ. ಬೆಳೆಯೋ ಚಂದ್ರನಲ್ಲಿ ಬರೋ ಬೆಳ್ಳಿಕಿಳಮೆ ಇನ್ನೊಂದು ಸಾರಿ ಕೂತ್ಕಮನ," ಎಂದರು. ಬೆಳ್ಳಿಕಿಳಮೆ ಎಂದರೆ ಶುಕ್ರವಾರ. "ಅವತ್ತೂ ಇಂಗೇ ಆದ್ರೆ ಈ ಮಾತೇ ಬೇಡ. ಯಾರೂ ಮನ್ಸಿಗೆ ಅಚ್ಕಬೇಡಿ."

ಹುಡುಗಿ ಹೊರಗೆ ಹೋಗುವಾಗ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ತಮ್ಮ ರಸ್ತೆಯಾಚೆ ಟೀ ಅಂಗಡಿಯಲ್ಲಿ ಕಾಯುತ್ತಿದ್ದ. ಜಾತಕ ನೋಡಿ ಮುಗಿಯುವವರೆಗೆ ಗಂಡು ಒಳಗೆ ಬರುವ ಪದ್ಧತಿ ಇಲ್ಲ. ನಡೆದದ್ದನ್ನು ಹೇಳಿದೆ.

"ಅಷ್ಟೇನಾ? ವಯರ್ ಕಿತ್ತು ಸಿಗಿಸಬಾರ್ದಾಗಿತ್ತಾ ಅಕ್ಕಾ?"

"ಸಿಗಿಸೋಕೆ ಮುಂಚೆ ಅಪ್ಪತ್ತಾ ಎದ್ದಾಯ್ತು."

"ನನ್ನ ಮುಖ ಅಷ್ಟು ದೊಡ್ಡದಾ ತೋರ್ಸೋಕೆ ನಿನ್ನ ಪೆಟ್ಟಿಗೇ ಭಯ ಆಗಿರ್ಬೇಕು," ಎಂದು ನಕ್ಕ. ಆಮೇಲೆ ಅವನ ನಗು ನಿಂತಿತು. ಟೀ ಲೋಟವನ್ನು ಅಂಗೈಯಲ್ಲಿ ಸುಮ್ಮನೆ ತಿರುಗಿಸುತ್ತಾ ಕುಳಿತ.

ಅವನು ಕಾಮಯಗೌಂಡನ್‌ಪಟ್ಟಿಯಲ್ಲಿ ನಮ್ಮ ದ್ರಾಕ್ಷಿ ತೋಟ ನೋಡಿಕೊಳ್ಳುತ್ತಾನೆ. ತೋಟ ಚೆನ್ನಾಗಿದೆ. ಆದರೆ ತೋಟದವನು ಎಂದ ಕೂಡಲೇ ಹೆಣ್ಣಿನ ಕಡೆಯವರು ಕಾಫಿ ಬೇಗ ಕುಡಿದು ಮುಗಿಸುತ್ತಾರೆ. ಈ ಹುಡುಗಿಯನ್ನು ಮಾತ್ರ ಯಾರೂ ಹುಡುಕಿಕೊಟ್ಟದ್ದಲ್ಲ. ಅಮ್ಮನ ಕಣ್ಣಿನ ಪೊರೆ ತೆಗೆಸಲು ದಿಂಡಿಗಲ್ಲಿನ ಆಸ್ಪತ್ರೆಗೆ ಹೋಗಿದ್ದಾಗ, ಅಮ್ಮ ನನ್ನ ತಮ್ಮನಿಗೆ ಕನ್ನಡದಲ್ಲಿ ಏನೋ ಗೊಣಗಿದ್ದಳಂತೆ: ಈ ನರ್ಸಿನ ಕೈ ಮಾತ್ರ ಮೆತ್ತಗಿದೆ, ಉಳಿದವರದೆಲ್ಲ ಸೌದೆ. ಆ ನರ್ಸು ಬಗ್ಗಿ ಅದೇ ಕನ್ನಡದಲ್ಲಿ, "ತ್ಯಾಂಕ್ಸ್ ಅತ್ತೆ, ಉಳಿದೋರ್ಗೆ ಯೋಳಲ್ಲ," ಎಂದಳಂತೆ. ಅಲ್ಲಿಂದ ಶುರು. ಅವರಿಬ್ಬರೂ ಒಪ್ಪಿ ಆಗಿತ್ತು. ಹಿರಿಯರು ಒಪ್ಪುವುದೊಂದು ಬಾಕಿ, ಅದಕ್ಕೆ ಆ ಕಚೇರಿಯ ಪರದೆ ಬೆಳಗಬೇಕಾಗಿತ್ತು.

ಮಾರನೆಯ ಬೆಳಿಗ್ಗೆ ಚೀಲ ಹಿಡಿದು ಮಾಮನ ಕಚೇರಿಗೆ ಹೋದೆ.

"ಹಿಂದೆ ಯಾವತ್ತಾದ್ರೂ ಹೀಗಾಗಿತ್ತಾ ಮಾಮಾ?"

ಮಾಮ ಅತ್ತೆಯ ಮುಖ ನೋಡಿದರು. ನನ್ನನ್ನು ಅವರು ಪುಳ್ಳೆ, ಅಂದರೆ ಮಗು, ಎಂದೇ ಕರೆಯುವುದು. "ಆಗಾಗ ಆಗ್ತಿತ್ತು, ಪುಳ್ಳೆ. ವಯರ್ ಕಿತ್ತು ಸಿಗಿಸಿದ್ರೆ ಬಂದ್ಬುಡೋದು. ನಿಂಗ್ಯಾಕೆ ಸಿರಮ ಅಂತ ಯೋಳಿಲ್ಲ."

"ಹೇಳ್ದೆ ಇದ್ದದ್ದೇ ಶ್ರಮ ಆಗಿರೋದು."

"ಅದುಕ್ಕೇ ಈಗ ಯೋಳ್ತಾ ಅವ್ನಿ."

ವಯರ್ ಕಿತ್ತು ಸಿಗಿಸಿದರೆ ಬರುತ್ತದೆ ಎಂದರೆ ಪರದೆ ಕೆಟ್ಟಿಲ್ಲ. ಕಂಪ್ಯೂಟರೂ ಕೆಟ್ಟಿಲ್ಲ. ಎರಡರ ನಡುವಿನ ಮಾತು ಎಲ್ಲೋ ತಪ್ಪುತ್ತಿದೆ. ಯಾವಾಗ ತಪ್ಪುತ್ತದೆ ಎಂದು ಕೇಳಿದೆ. ಕಂಪ್ಯೂಟರ್ ನಿದ್ದೆಯಿಂದ ಏಳುವಾಗ ಮಾತ್ರ ಎಂದರು. ಹಳೆಯದು ನಿದ್ದೆಯನ್ನೇ ಮಾಡುತ್ತಿರಲಿಲ್ಲ. ಹೊಸದು ಸ್ವಲ್ಪ ಹೊತ್ತು ಮುಟ್ಟದಿದ್ದರೆ ತಾನೇ ಮಲಗುತ್ತದೆ.

ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು, ಬದಲಾಯಿಸಿದ ಮೇಲೆ ಪರೀಕ್ಷಿಸಬೇಕು, ಆಮೇಲೆ ಇನ್ನೊಂದಕ್ಕೆ ಕೈ ಹಾಕಬೇಕು. ಇದು ನನ್ನ ಕೆಲಸದ ಕ್ರಮ. ಮೊದಲು ಏನನ್ನೂ ಬದಲಾಯಿಸದೆ ಕಂಪ್ಯೂಟರನ್ನು ಮಲಗಿಸಿ ಎಬ್ಬಿಸಿದೆ. ಎರಡೂ ಪರದೆ ಬೆಳಗಿದವು. ಮತ್ತೆ ಮಲಗಿಸಿದೆ, ಎಬ್ಬಿಸಿದೆ. ಬೆಳಗಿದವು. ಅತ್ತೆ ಕೊಟ್ಟ ಕಾಫಿ ಕುಡಿಯುವಷ್ಟು ಹೊತ್ತು ಮಲಗಿಸಿ ನೋಡಿದೆ. ಊಟಕ್ಕೆ ಹೋಗಿ ಬರುವಷ್ಟು ಹೊತ್ತು ಮಲಗಿಸಿ ನೋಡಿದೆ. ಒಮ್ಮೆಯೂ ಕಪ್ಪಾಗಲಿಲ್ಲ.

ಕೆಡುವುದನ್ನು ಕಣ್ಣಾರೆ ಕಾಣದೆ ಸರಿಮಾಡುವುದು ಕಷ್ಟ. ಸರಿಯಾಯಿತೋ ಇಲ್ಲವೋ ಎಂದು ತಿಳಿಯುವ ದಾರಿಯೇ ಇರುವುದಿಲ್ಲ. ಆದರೂ ಸುಮ್ಮನೆ ಕೂರುವಂತಿರಲಿಲ್ಲ. ದೊಡ್ಡ ಪರದೆಗೆ ಹೋಗುವ ವಯರು ಉದ್ದವಾಗಿತ್ತು, ಗೋಡೆಗುಂಟ ಟೇಪು ಹಚ್ಚಿ ಒಯ್ದಿದ್ದರು. ಕಂಪ್ಯೂಟರಿನ ಬಾಯಿಗೂ ಆ ವಯರಿಗೂ ಹೊಂದದ ಕಾರಣ ನಡುವೆ ಬೆರಳುದ್ದದ ಒಂದು ಕನ್ವರ್ಟರ್ ಇತ್ತು. ಅನುಮಾನ ಮೊದಲು ಅದರ ಮೇಲೆ. ತೇನಿ ಪೇಟೆಗೆ ಹೋಗಿ ಒಳ್ಳೆಯ ಕನ್ವರ್ಟರ್ ತಂದು ಹಾಕಿದೆ. ಪರೀಕ್ಷಿಸಿದೆ. ಬೆಳಗಿತು. ಆದರೆ ಮೊದಲೂ ಬೆಳಗಿತ್ತಲ್ಲ.

ಮರುದಿನ ಮಧ್ಯಾಹ್ನ ಮಾಮ ಫೋನ್ ಮಾಡಿದರು. ಅವರ ದನಿ ತಗ್ಗಿತ್ತು, ಎದುರಿಗೆ ಯಾರೋ ಕೂತಿದ್ದಾರೆಂದು ತಿಳಿಯುತ್ತಿತ್ತು.

"ಮತ್ತೆ ಓಯ್ತು, ಪುಳ್ಳೆ."

ವಯರು ಬದಲಿಸಿದೆ. ಪರದೆಗಳಿಗೆ ಚಿತ್ರ ಕಳಿಸುವ ಸಾಫ್ಟ್‌ವೇರಿಗೆ ಹೊಸ ಆವೃತ್ತಿ ಹಾಕಿದೆ. ದೊಡ್ಡ ಪರದೆಯ ಮೆನುವಿನೊಳಗೆ ಹೊಕ್ಕು, ಅದು ತಾನೇ ಗಾಢ ನಿದ್ದೆಗೆ ಜಾರದಂತೆ ಮಾಡಿದೆ. ಎರಡು ಪರದೆಗಳ ಜಾಗವನ್ನು ಅದಲು ಬದಲು ಮಾಡಿದೆ. ಅದರಿಂದ ಏನೂ ತಿಳಿಯಲಿಲ್ಲ, ಏಕೆಂದರೆ ನನ್ನ ಕಣ್ಣೆದುರು ಅವೆರಡೂ ಎಲ್ಲಿಟ್ಟರೂ ಬೆಳಗುತ್ತಿದ್ದವು. ಹಳೆಯ ಜಾಗಕ್ಕೇ ತಂದಿಟ್ಟೆ. ಕೊನೆಗೆ ನನಗೆ ನಾಚಿಕೆಯಾಗುವಷ್ಟು ಸುಲಭದ ದಾರಿ ಹಿಡಿದೆ: ಕಂಪ್ಯೂಟರ್ ನಿದ್ದೆಯನ್ನೇ ಮಾಡದಂತೆ ಸೆಟ್ಟಿಂಗ್ ಬದಲಿಸಿದೆ. ಏಳುವಾಗ ಕೆಡುವುದಾದರೆ ಮಲಗುವುದೇ ಬೇಡ.

ಅದರ ಮಾರನೆಯ ದಿನವೂ ಫೋನ್ ಬಂತು.

"ನಿದ್ದೆ ಮಾಡದಂಗೆ ಮಾಡಿದ್ನಲ್ಲ ಮಾಮಾ!"

"ಅದು ಮಾಡ್ಲಿಲ್ಲ. ನಾನು ಮಾಡ್ಸಿದೆ."

ಪೆಟ್ಟಿಗೆಯ ಗುಂಡಿಯನ್ನು ಮೆಲ್ಲಗೆ ಒತ್ತಿದರೆ ಅದು ಮಲಗುತ್ತದೆ ಎಂಬುದನ್ನು ಮಾಮ ತಾವೇ ಕಂಡುಕೊಂಡಿದ್ದರು. ಒಂದು ಮನೆಯವರು ಎದ್ದುಹೋದ ಮೇಲೆ, ಇನ್ನೊಂದು ಮನೆಯವರು ಬರುವ ಮುಂಚೆ, ಅದು ಮಲಗಿ ಏಳಬೇಕಂತೆ. "ನಾನೂ ಊಟ ಆದ್ಮೇಲೆ ಸ್ವಲ್ಪ ಕಣ್ಣು ಮುಚ್ತೀನಿ. ಇಲ್ದಿದ್ರೆ ಬೆಳಿಗ್ಗೆ ನೋಡಿದ ಗ್ರಹ ಸಾಯಂಕಾಲದ ಜಾತಕದಾಗೆ ಬಂದು ಕೂತ್ಕೊಂಬುಡ್ತದೆ. ಅದುಕ್ಕೂ ಅಂಗೇ ತಾನೆ?"

ಆ ಗುಂಡಿಯನ್ನೂ ನಿಷ್ಕ್ರಿಯ ಮಾಡಬಹುದಿತ್ತು. ಆದರೆ ಮಾಮನನ್ನು ನಾನು ಬಲ್ಲೆ. ಗುಂಡಿ ಕೇಳದಿದ್ದರೆ ಗೋಡೆಯ ಮೇನ್ ಸ್ವಿಚ್ಚನ್ನೇ ಆರಿಸುತ್ತಾರೆ.

ಶುಕ್ರವಾರ ಹತ್ತಿರವಾಗುತ್ತಿತ್ತು. ರಾತ್ರಿ ಮಲಗಿದರೆ ಕಣ್ಣೊಳಗೆ ಆ ಗುರುತು ಬೆಳಗಿ ಆರುತ್ತಿತ್ತು. ಜಾತಕವನ್ನು ನಾನು ಎಷ್ಟು ನಂಬುತ್ತೇನೆ ಎಂದು ಕೇಳಿದರೆ ಸರಿಯಾಗಿ ಹೇಳಲಾರೆ. ಆದರೆ ತಮ್ಮನ ಮದುವೆ ಒಂದು ವಯರಿನ ತುದಿಯಲ್ಲಿ ನೇತಾಡುತ್ತಿದೆ ಎಂಬುದನ್ನು ಮಾತ್ರ ಪೂರ್ತಿ ನಂಬಿದ್ದೆ.

ಆಗ ಅಂಗಡಿಗೆ ಫೋನ್ ಬಂತು. ಹುಡುಗಿ.

"ಅಕ್ಕಾ, ನಾನು. ಕನ್ನಡ ತಪ್ಪು ತಪ್ಪಾ ಬರ್ತದೆ, ಸಿರಿಕ್ಕಾದೀಂಗ," ಎಂದಳು. ನಗಬೇಡಿ ಎನ್ನುವುದಕ್ಕೆ ಅವಳಿಗೆ ತಮಿಳೇ ಬಂದದ್ದು. "ಪೆಟ್ಟಿ ಸೆರಿ ಆಯ್ತಾ?"

"ನನ್ನ ಎದುರಿಗೆ ಕೆಡೋದೇ ಇಲ್ಲ. ಮನೆಯವ್ರು ಬಂದು ಕೂತ್ರೆ ಕೆಡ್ತದೆ."

ಅವಳ ಹಿಂದೆ ಯಾರೋ ಟ್ರಾಲಿ ತಳ್ಳಿಕೊಂಡು ಹೋಗುವ ಸದ್ದು ಕೇಳುತ್ತಿತ್ತು.

"ನಾವು ಅವತ್ತು ಒಳಗೆ ಬಂದು ಕೂತಾಗ ಅದ್ರಲ್ಲಿ ಕೆಂಪು ಚುಕ್ಕೆ ಇರ್ಲಿಲ್ಲ ಅಕ್ಕಾ."

"ಯಾವ ಚುಕ್ಕೆ?"

"ಟಿವಿಯಲ್ಲಿ ಮೂಲೇಲಿ ಇರ್ತದಲ್ಲ, ಕರಂಟು ಇದೆ ಅಂತ ತೋರ್ಸೋದು. ನಮ್ಮ ವಾರ್ಡಲ್ಲಿ ಒಳಗೆ ಬಂದ ತಕ್ಷಣ ಮೊದಲು ಅದನ್ನೇ ನೋಡೋದು. ಪಳಕ್ಕಂ, ಅಭ್ಯಾಸ. ಅವತ್ತು ಅದು ಇರ್ಲಿಲ್ಲ."

ನಾನು ಕೂತಿದ್ದಲ್ಲೇ ನೆಟ್ಟಗಾದೆ. ನಾನು ಪರೀಕ್ಷೆ ಮಾಡಿದಾಗಲೆಲ್ಲ ಆ ಕೆಂಪು ಚುಕ್ಕೆ ಇತ್ತು. ಆ ದಿನ ಗಂಡಿನ ಕಡೆಯವಳಾಗಿ ಹೋಗಿದ್ದಾಗಲೂ ನಾನು ಒಳಗೆ ಕಾಲಿಟ್ಟದ್ದು ದೀಪ ಹಚ್ಚಿದ ಮೇಲೆ. ನಮ್ಮಲ್ಲಿ ಕ್ರಮ ಹಾಗೆ: ಹೆಣ್ಣಿನ ಕಡೆಯವರು ಮೊದಲು ಬಂದು ಕೂರುತ್ತಾರೆ, ಅವರೆದುರು ದೀಪ ಹಚ್ಚುತ್ತಾರೆ, ಅಲ್ಲಿಯವರೆಗೆ ಗಂಡಿನ ಕಡೆಯವರು ಜಗಲಿಯಲ್ಲಿ ಚಪ್ಪಲಿ ಬಿಟ್ಟು ನಿಲ್ಲುತ್ತಾರೆ. ಅವರು ಬಂದು ಕೂತಾಗಿನಿಂದ ನಾವು ಒಳಗೆ ಹೋಗುವವರೆಗೆ ಆ ಕೋಣೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ನಾನು ಕಂಡೇ ಇರಲಿಲ್ಲ.

ಚೀಲವನ್ನು ಅಂಗಡಿಯಲ್ಲೇ ಬಿಟ್ಟೆ. ಇನ್ನು ಏನನ್ನೂ ಮುಟ್ಟುವುದಿಲ್ಲ, ಹೆಣ್ಣಿನ ಕಡೆಯ ಬೆಂಚಿನಲ್ಲಿ ಕೂತು ನೋಡುತ್ತೇನೆ ಎಂದು ತೀರ್ಮಾನಿಸಿದೆ.

ಅಂದು ಹನುಮಂತನಪಟ್ಟಿಯಿಂದ ಒಂದು ಮನೆಯವರು ಬರುವವರಿದ್ದರು. ಹೆಣ್ಣಿನ ತಂದೆಯನ್ನು ಕೇಳಿಕೊಂಡೆ. ಅವರು ನಗುತ್ತಾ ಸರಿದು ಜಾಗ ಕೊಟ್ಟರು. "ಕೂತ್ಕೊಮ್ಮಾ, ನಮ್ಮ ಕಡೆ ಒಂದು ಆಳು ಜಾಸ್ತಿ ಇದ್ರೆ ಒಳ್ಳೇದೇ. ಗಂಡಿನೋರು ಒಂದು ಬಸ್ಸೇ ತಂದವ್ರೆ."

ನಾನು ಪರದೆಯ ಮೂಲೆ ನೋಡಿದೆ. ಕೆಂಪು ಚುಕ್ಕೆ ಇರಲಿಲ್ಲ.

ಅತ್ತೆ ದೀಪಕ್ಕೆ ಎಣ್ಣೆ ಹಾಕಿದರು. ಬತ್ತಿ ಸರಿಮಾಡಿದರು. ಅವರು ಬೆಂಕಿಕಡ್ಡಿ ಗೀರುವಷ್ಟರಲ್ಲಿ ಮಾಮನಿಗೆ ತಡೆಯಲಾಗಲಿಲ್ಲ. ಎಲ್ಲಾ ಸಿದ್ಧವಾಗಿರಲಿ ಎಂದು ಕೀಬೋರ್ಡಿನ ಮೇಲೆ ಬೆರಳಿಟ್ಟರು. ಸಣ್ಣ ಪರದೆಯ ಬೆಳಕು ಅವರ ಕನ್ನಡಕದಲ್ಲಿ ಮಿನುಗಿತು. ಕಂಪ್ಯೂಟರ್ ಎದ್ದಿತ್ತು. ಅತ್ತೆ ನಿಧಾನವಾಗಿ ದೀಪ ಹಚ್ಚಿದರು, ಕೈ ಮುಗಿದರು, ದೊಡ್ಡ ಪರದೆಯ ಅಂಚಿಗೆ ಕುಂಕುಮವಿಟ್ಟರು. ಆಮೇಲೆ ಬಗ್ಗಿ ಗೋಡೆಯ ಕೆಳಗಿನ ಸ್ವಿಚ್ಚು ಒತ್ತಿದರು. ಟಕ್. ಕೆಂಪು ಚುಕ್ಕೆ ಹೊತ್ತಿತು, ಕಂಪನಿಯ ಗುರುತು ಬೆಳಗಿತು, ಆಮೇಲೆ ಕಪ್ಪು.

"ಕರಂಟು ಅಂದ್ರೆ ಅಂಗೇ," ಎಂದರು ಪಕ್ಕದಲ್ಲಿದ್ದ ತಂದೆ. ಅವರಿಗೆ ಅದು ಲೆಕ್ಕಕ್ಕೇ ಇರಲಿಲ್ಲ. ನಾನು ಮಾತ್ರ ಎದ್ದು ನಿಂತುಬಿಟ್ಟಿದ್ದೆ. ಕೆಟ್ಟದ್ದನ್ನು ಕಂಡು ಅಷ್ಟು ಸಂತೋಷಪಟ್ಟದ್ದು ನನಗೆ ಬೇರೆ ನೆನಪಿಲ್ಲ.

ಅವರೆಲ್ಲ ಹೋದ ಮೇಲೆ ಒಬ್ಬಳೇ ಮಾಡಿ ನೋಡಿದೆ. ಕಂಪ್ಯೂಟರ್ ಮಲಗಿಸಿದೆ, ದೊಡ್ಡ ಪರದೆಯ ಸ್ವಿಚ್ಚು ಆರಿಸಿದೆ, ಕಂಪ್ಯೂಟರ್ ಎಬ್ಬಿಸಿದೆ, ಆಮೇಲೆ ಸ್ವಿಚ್ಚು ಹಾಕಿದೆ. ಕಪ್ಪು. ಮತ್ತೆ ಮಾಡಿದೆ, ಕಪ್ಪು. ಕಂಪ್ಯೂಟರ್ ಎದ್ದ ಕೂಡಲೇ ತನಗೆ ಎಷ್ಟು ಪರದೆಗಳಿವೆ ಎಂದು ಸುತ್ತ ನೋಡುತ್ತದೆ. ಆ ಹೊತ್ತಿಗೆ ದೊಡ್ಡದಕ್ಕೆ ಕರೆಂಟೇ ಇಲ್ಲ. ಇರುವುದು ಒಂದೇ ಎಂದುಕೊಂಡು ಎಲ್ಲವನ್ನೂ ಸಣ್ಣ ಪರದೆಗೆ ಕಳಿಸುತ್ತದೆ. ಆಮೇಲೆ ಬಂದ ಪರದೆಯನ್ನು, ವಯರು ಕಿತ್ತು ಸಿಗಿಸುವವರೆಗೆ, ಅದು ಗಮನಿಸುವುದೇ ಇಲ್ಲ.

"ಅತ್ತೆ, ಆ ಸ್ವಿಚ್ಚು ಯಾಕೆ ಆರಿಸ್ತೀರಿ?"

"ಆರಿಸ್ದೆ? ಒಂದು ಮನೆ ಎಣ್ಣು ಇನ್ನೊಂದು ಮನೆಯೋರ ಕಣ್ಣಿಗೆ ಬೀಳ್ಬೋದಾ?" ಎಂದರು ಅತ್ತೆ. ಹಿಂದೊಮ್ಮೆ ಬೀಳಿಸಿಯೂ ಆಗಿತ್ತಂತೆ. ಬೆಳಿಗ್ಗೆ ಬಂದಿದ್ದ ಹುಡುಗಿಯ ಫೋಟೋ ದೊಡ್ಡ ಪರದೆಯಲ್ಲೇ ಉಳಿದಿತ್ತು. ಮಧ್ಯಾಹ್ನ ಬಂದವರು ತಮ್ಮ ಜಾತಕ ಬಿಟ್ಟು, ಇವಳ್ಯಾರು, ಇವಳನ್ನೇ ಕೊಡಿ ಎಂದು ಕೂತರು. "ಆವತ್ತಿಂದ ದೀಪ ಅಚ್ಚೋ ತಂಕ ಅದು ಕಣ್ಣು ಬಿಡಂಗಿಲ್ಲ. ನಿಮ್ಮ ಮಾಮ ಏನಾರ ಯೋಳ್ಕಳ್ಳಿ."

ಹಳೆಯ ಕಂಪ್ಯೂಟರ್ ಮಲಗುತ್ತಲೇ ಇರಲಿಲ್ಲವಾದ್ದರಿಂದ ಅತ್ತೆಯ ಸ್ವಿಚ್ಚಿನಿಂದ ಯಾವ ತೊಂದರೆಯೂ ಆಗಿರಲಿಲ್ಲ. ನಾನು ರಿಪೇರಿಗೆ ಬಂದಾಗ ಮನೆಯವರಾರೂ ಇರುತ್ತಿರಲಿಲ್ಲ, ಅತ್ತೆ ಸ್ವಿಚ್ಚು ಮೊದಲೇ ಹಾಕಿಟ್ಟಿರುತ್ತಿದ್ದರಂತೆ.

ಮೊದಲು ಮಾಮನಿಗೆ ಹೇಳಿ ನೋಡಿದೆ: ಅತ್ತೆ ಸ್ವಿಚ್ಚು ಹಾಕುವವರೆಗೆ ಕೀಬೋರ್ಡ್ ಮುಟ್ಟಬೇಡಿ. ಅವರು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಒಳ್ಳೆಯ ಹುಡುಗನಂತೆ ಕೂತರು. ಅತ್ತೆ ಕಡ್ಡಿ ಗೀರಿದರು. ಮಾಮನ ಬಲಗೈ ತಾನಾಗಿ ಎದ್ದು ಮೌಸಿನ ಮೇಲೆ ಕೂತಿತು.

"ಮಾಮಾ!"

"ಒತ್ತಲಿಲ್ಲವಲ್ಲ, ಇಟ್ಕಂಡೆ ಅಷ್ಟೇ."

ಇಟ್ಟುಕೊಂಡರೂ ಅದು ಏಳುತ್ತದೆ. ಅವರ ಕೈ ಬದಲಾಗದು, ಅತ್ತೆಯ ಕ್ರಮ ಬದಲಾಗದು, ಬದಲಾಗಲೂ ಬಾರದು. ಅತ್ತೆಗೆ ಬೇಕಾದದ್ದು ಕರೆಂಟು ಆರುವುದಲ್ಲ, ದೀಪದ ಮುಂಚೆ ಪರದೆ ಕಾಣಿಸದಿರುವುದು.

"ಸ್ವಿಚ್ಚು ಯಾವಾಗ್ಲೂ ಇರ್ಲಿ ಅತ್ತೆ. ಪರದೆಗೆ ಒಂದು ಬಟ್ಟೆ ಹೊದಿಸಿ. ದೀಪ ಹಚ್ಚಿ, ಆಮೇಲೆ ಬಟ್ಟೆ ಎತ್ತಿ."

ಅತ್ತೆ ಯೋಚಿಸಿದರು. "ಕೋಯಿಲ್‌ನಾಗೆ ಸಾಮಿ ಮುಂದೆ ತೆರೆ ಎಳೀತಾರಲ್ಲ, ಅಂಗೆ?"

"ಹಂಗೇ."

ಅವರು ಒಳಗೆ ಹೋಗಿ ಅರಿಸಿನ ಬಣ್ಣದ ರೇಷ್ಮೆ ಬಟ್ಟೆಯೊಂದನ್ನು ತಂದರು. ಅಂಚಿನಲ್ಲಿ ಸಣ್ಣ ಜರಿ ಇತ್ತು. ಹೊದಿಸಿ ದೂರ ನಿಂತು ನೋಡಿದರು. "ಮೊದ್ಲೇ ಯೋಳ್ಬಾರ್ದಾ? ಸ್ವಿಚ್ಚಿಗೆ ಬಗ್ಗಿ ಬಗ್ಗಿ ನನ್ನ ಸೊಂಟ ಓಯ್ತು."

ಶುಕ್ರವಾರ ಬಂತು. ನಾನು, ಅಮ್ಮ ಜಗಲಿಯಲ್ಲಿ ನಿಂತೆವು. ತಮ್ಮ ಟೀ ಅಂಗಡಿಯಲ್ಲಿ. ಒಳಗೆ ಬೆಂಚು ಕಿರುಗುಟ್ಟಿತು, ಬೆಂಕಿಕಡ್ಡಿ ಗೀರಿದ ಸದ್ದಾಯಿತು. ಅಮ್ಮ ನನ್ನ ಮೊಣಕೈ ಹಿಡಿದುಕೊಂಡಿದ್ದಳು, ಅಥವಾ ನಾನು ಅವಳದನ್ನು.

"ಬನ್ನಿ," ಎಂದರು ಮಾಮ.

ನಾವು ಒಳಗೆ ಹೋದಾಗ ಅತ್ತೆ ಬಟ್ಟೆಯ ಅಂಚು ಹಿಡಿದಿದ್ದರು. ಎತ್ತಿದರು. ಪರದೆ ಕಪ್ಪಾಗಿತ್ತು, ಮಾಮ ಆಗಷ್ಟೇ ಕೀಬೋರ್ಡ್ ಮುಟ್ಟಿದ್ದರು. ಏಳುವುದಕ್ಕೆ ಅದು ಒಂದೆರಡು ಉಸಿರು ತೆಗೆದುಕೊಳ್ಳುತ್ತದೆ ಎಂದು ನನಗೆ ಗೊತ್ತು. ಗೊತ್ತಿದ್ದೂ ಮೂಲೆಯ ಕೆಂಪು ಚುಕ್ಕೆಯನ್ನು ಹುಡುಕಿದೆ. ಆಮೇಲೆ ಒಮ್ಮೆಲೇ ಬೆಳಕು. ತಮ್ಮನ ಮುಖ, ಹುಡುಗಿಯ ಮುಖ, ಎರಡು ಕುಂಡಲಿಗಳು. ಬೆಳಕು ನಿಂತಿತು.

ಮಾಮ ಅಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು.

"ನೋಡಿದ್ರಾ ಅಪ್ಪತ್ತಾ? ಎಂಗೆ ನಿಂತದೆ! ಗಂಡಿನ ಅಕ್ಕಾನೇ ವಾರವೆಲ್ಲ ಇಲ್ಲೇ ಕೂತು ಸೆರಿ ಮಾಡಿದ್ದು!"

ಅಪ್ಪತ್ತಾ ಪರದೆಯಿಂದ ಕಣ್ಣು ತೆಗೆದು ನನ್ನತ್ತ ತಿರುಗಿದರು.

"ಅಂದ್ರೆ ಪೆಟ್ಟಿ ನಿಮ್ಮದು, ರಿಪೇರಿನೂ ನಿಮ್ಮದು, ಶಕುನವೂ ನೀವೇ ಕೊಡೋದಾ?"

ಮಾಮ ಕನ್ನಡಕ ಒರೆಸತೊಡಗಿದರು. ಹುಡುಗಿಯ ತಂದೆ ಬಾಗಿಲ ಕಡೆ ನೋಡಿದರು. ಅಪ್ಪತ್ತಾ ಕೇಳಿದ್ದು ನ್ಯಾಯವಾದ ಪ್ರಶ್ನೆ. ಬೆಳಗಿದ ಪರದೆಯನ್ನು ತೋರಿಸಿ ಅದಕ್ಕೆ ಉತ್ತರ ಕೊಡಲು ಸಾಧ್ಯವಿರಲಿಲ್ಲ. ನನ್ನ ಬಳಿ ಉಳಿದದ್ದು ಒಂದೇ ದಾರಿ.

"ಅದು ಯಾಕೆ ಆರ್ತಿತ್ತು ಅಂತ ತೋರಿಸ್ತೀನಿ ಅಪ್ಪತ್ತಾ. ಆವತ್ತಿನ ಹಾಗೇ ಮತ್ತೆ ಆರಿಸಿ ತೋರಿಸ್ತೀನಿ. ಸ್ವಿಚ್ಚು ನೀವೇ ಹಾಕಿ."

"ಏ ಪುಳ್ಳೆ, ಬೇಡ!" ಎಂದರು ಮಾಮ. ಅಮ್ಮ ಕಣ್ಣು ಮುಚ್ಚಿಕೊಂಡಳು.

ಅಪ್ಪತ್ತಾ ಎದ್ದು ಗೋಡೆಯ ಬಳಿ ಬಂದರು. ಸ್ವಿಚ್ಚಿನ ಮುಂದೆ ಅವರಿಗೊಂದು ಸ್ಟೂಲು ಹಾಕಿಕೊಟ್ಟೆ. ಕಂಪ್ಯೂಟರ್ ಮಲಗಿಸಿದೆ. ಅವರು ಸ್ವಿಚ್ಚು ಆರಿಸಿದರು. ಕೆಂಪು ಚುಕ್ಕೆ ಹೋಯಿತು. "ಈಗ ಇದು ಮಲಗಿದೆ, ಅದೂ ಮಲಗಿದೆ. ಮಾಮ, ನೀವು ಆವತ್ತು ಮಾಡಿದ ಹಾಗೆ ಮಾಡಿ." ಮಾಮ ಬಿಸಿ ಹೆಂಚು ಮುಟ್ಟುವವರಂತೆ ಕೀಬೋರ್ಡ್ ಮುಟ್ಟಿದರು. ಸಣ್ಣ ಪರದೆ ಬೆಳಗಿತು. "ಇದು ಎದ್ದು, ಅದು ಎಲ್ಲಿ ಅಂತ ನೋಡಿತು. ಅದು ಇನ್ನೂ ಎದ್ದಿಲ್ಲ. ತಾನೊಂದೇ ಅಂದ್ಕೊಂತು. ಈಗ ಸ್ವಿಚ್ಚು ಹಾಕಿ."

ಟಕ್. ಗುರುತು ಬೆಳಗಿತು, ನಿಂತಿತು, ಆರಿತು. ಆ ದಿನದ ಕಪ್ಪು ಅದೇ ಗೋಡೆಯ ಮೇಲೆ, ನಮ್ಮೆಲ್ಲರ ಎದುರು.

"ಈಗ ಇನ್ನೊಂದು ತರ," ಎಂದೆ. ಕಂಪ್ಯೂಟರ್ ಮಲಗಿಸಿದೆ. ಸ್ವಿಚ್ಚು ಹಾಕಿದ ಹಾಗೇ ಇತ್ತು. ಮಾಮ ಕೀಬೋರ್ಡ್ ಮುಟ್ಟಿದರು. ಎರಡೂ ಪರದೆ ಬೆಳಗಿದವು, ನಿಂತವು.

ಅಪ್ಪತ್ತಾ ಪರದೆ ನೋಡಿದರು. ತಮ್ಮ ಕೈಯನ್ನು ನೋಡಿಕೊಂಡರು.

"ಇನ್ನೊಂದು ಸಾರಿ."

ಇನ್ನೊಂದು ಸಲ ಮಾಡಿದೆವು. ಆರಿತು, ಬೆಳಗಿತು. ಅವರು ಮತ್ತೆ ಇನ್ನೊಂದು ಸಾರಿ ಎಂದರು. ಈ ಸಲ ಅವರ ಬಾಯಿಯ ಅಂಚಿನಲ್ಲಿ ನಗು ಇತ್ತು. ಹುಡುಗಿ, "ಅಪ್ಪತ್ತಾ, ಪೋದುಂ," ಎಂದಳು, ಸಾಕು ಎನ್ನುವ ಹಾಗೆ ಅವರ ಸೆರಗು ಎಳೆಯುತ್ತಾ.

"ಇರೇ. ಅಂದ್ರೆ ಬೆಳಕಿಂದು ತಪ್ಪಿಲ್ಲ," ಎಂದು ಅಪ್ಪತ್ತಾ ಮಾಮನ ಕಡೆ ತಿರುಗಿದರು. "ದೀಪ ಅಚ್ಚೋಕೆ ಮುಂಚೆ ಅವಸರ ಮಾಡಿದ್ದು ನೀನಾ?"

"ಸ್ವಲ್ಪ ಮಾಡ್ದೆ," ಎಂದರು ಮಾಮ.

"ಆ ಹುಡುಗ ಎಲ್ಲವ್ನೆ? ಕರೀರಿ. ಪಟ ನೋಡಿದ್ದು ಸಾಕು, ಆಳು ನೋಡ್ತೀನಿ."

ತಮ್ಮ ಟೀ ಅಂಗಡಿಯಿಂದ ಓಡುತ್ತಲೇ ಬಂದ. ಬಾಗಿಲಲ್ಲಿ ನೆನಪಾಗಿ ನಿಧಾನ ಮಾಡಿದ. ಅಪ್ಪತ್ತಾ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಮದುವೆ ಆದ್ಮೇಲೆ ನನ್ನ ಮೊಮ್ಮಗಳು ಆಸ್ಪತ್ರೆ ಕೆಲಸ ಬಿಡ್ಬೇಕಾ?"

"ಬೇಡ ಅಪ್ಪತ್ತಾ. ಕಂಬಂನಲ್ಲೂ ಆಸ್ಪತ್ರೆ ಇದೆ. ಕೇಳಿ ಬಂದಿದ್ದೀನಿ."

"ಓ, ಕೇಳೂ ಆಯ್ತಾ? ನಿನಗೂ ಅವಸರ ತಾನೆ?"

ತಮ್ಮ ಕೆಂಪಾಗಿ, ಅವಸರ ಏನೂ ಇಲ್ಲ, ನೀವು ಹೇಳಿದಾಗ ಎಂದು ತೊದಲಿದ.

"ನನಗಿದೆ ಅಪ್ಪತ್ತಾ," ಎಂದಳು ಹುಡುಗಿ. "ಸಾಯಂಕಾಲ ಡ್ಯೂಟಿ. ದಿಂಡಿಗಲ್ ಬಸ್ ಹಿಡೀಬೇಕು. ಬೇಗ ಮುಗಿಸಿ."

ಮೊದಲು ನಕ್ಕವರು ಅಪ್ಪತ್ತಾನೇ. ಆಮೇಲೆ ಎಲ್ಲರೂ. ಅವರು ಅಮ್ಮನ ಕೈಯ ತಟ್ಟೆಯ ಕಡೆ ಕೈ ತೋರಿಸಿ, "ಊವ ಇಡಿ ಮತ್ತೆ, ಯಾಕೆ ನಿಂತಿರಿ," ಎಂದರು.

ನಮ್ಮಲ್ಲಿ ಮಾತು ಒಪ್ಪಿದ ಮೇಲೆ ಹೆಣ್ಣಿಗೆ ಹೂ ಮುಡಿಸುವವಳು ಗಂಡಿನ ಅಕ್ಕ. ಆ ವಾರವೆಲ್ಲ ಎಷ್ಟು ವಯರು ಕಿತ್ತು ಸಿಗಿಸಿದ್ದೆನೋ, ಒಂದೂ ಜಾರಿರಲಿಲ್ಲ. ಮಲ್ಲಿಗೆಯ ಸರ ಮಾತ್ರ ಒಂದು ಕಡೆ ಜಾರಿತು, ಪಿನ್ನು ಕೂದಲಿಗೆ ಸಿಗಲಿಲ್ಲ. ಅವಳು ತಲೆ ಬಗ್ಗಿಸಿ, ನನಗೊಬ್ಬಳಿಗೇ ಕೇಳುವಂತೆ ಹೇಳಿದಳು:

"ಬಿಗಿಯಾ ಸಿಗಿಸಿ ಅಕ್ಕಾ. ಬಸ್ಸಲ್ಲಿ ಬೀಳ್ಬಾರ್ದು."